ಬೈರಮ್ಮನನ್ನು 'ಊಟ ಆಯ್ತಾ' ಎಂದು ಕೇಳಬೇಡಿ

ಗುಂಡಪ್ಪನಕುಂಟೆಯಲ್ಲಿ ಬೈರಮ್ಮನನ್ನು ಯಾರೂ 'ಊಟ ಆಯ್ತಾ' ಎಂದು ಕೇಳುವುದಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು, ಕಂಪನಿ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳು ಗೊತ್ತಿಲ್ಲದೆ ಒಂದು ಸಲ ಕೇಳುತ್ತಾರೆ. ಎರಡನೇ ಸಲ ಕೇಳಿದವರನ್ನು ನಾನು ನೋಡಿಲ್ಲ.

"ಬೆಳಿಗ್ಗೆ ಒಂಬತ್ತಕ್ಕೆ ಒಂದೂವರೆ ಮುದ್ದೆ. ನಿನ್ನೆ ಬಸ್ಸಾರು, ಬಿಸಿ ಮಾಡಿದ್ದು. ಮಧ್ಯಾಹ್ನದ್ದು ಇನ್ನೂ ಇಲ್ಲ. ನೀರು ಬೋರಿಂದು, ಕುದಿಸಿ ಸೋಸಿದ್ದು. ಈಗ ನೀನು ಹೇಳು. ಆಯ್ತು ಅನ್ಬೇಡ. ಏನು ತಿಂದೆ, ಎಲ್ಲಿ ತಿಂದೆ, ಯಾವ ನೀರು ಕುಡ್ದೆ, ಅದು ಹೇಳು."

ಕೇಳಿದವರು ಬಸ್ಸು ಬಂತೆಂದು ಓಡುತ್ತಾರೆ. ಕೆಲವು ಸಲ ಬಸ್ಸು ಬಂದೇ ಇರುವುದಿಲ್ಲ.

ಇದು ವಯಸ್ಸಾದವಳ ಅರಳುಮರಳು ಎಂದು ಊರಲ್ಲಿ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು ಅರಳುಮರಳಲ್ಲ ಎಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ನಮ್ಮೂರಿನ ಹಳೆಯ ಕಸುಬು. ಅದಕ್ಕೆ ಲೈಸೆನ್ಸು ಬೇಡ, ಬಂಡವಾಳ ಬೇಡ, ಅಂಗಡಿಯ ಬಾಗಿಲೂ ಬೇಡ. ನಾನೂ ಒಂದು ವರ್ಷ ಅದೇ ವ್ಯಾಪಾರ ಮಾಡಿದವನು, ಆದ್ದರಿಂದ ಅದರ ಒಳಗುಟ್ಟು ಬಲ್ಲೆ.

ಬೈಯಪ್ಪನಹಳ್ಳಿಯ ರೈಲು ಹಳಿ ದಾಟಿ ಗರುಡಾಚಾರ್‌ಪಾಳ್ಯದ ಕಡೆ ಹೋಗುವಾಗ ಸಿಗುವ ಊರು ಇದು. ಹಿಂದೆ ಇಲ್ಲಿ ರಾಗಿ, ಅವರೆ, ಸೊಪ್ಪು ಬೆಳೆಯುತ್ತಿದ್ದರು. ತೊಂಬತ್ತರ ಹೊತ್ತಿಗೆ ಬೆಳೆಯುತ್ತಿದ್ದದ್ದು ರೂಮುಗಳು. ವರ್ಷಕ್ಕೆ ಮೂರು ಬೆಳೆ, ಮಳೆಯ ಹಂಗಿಲ್ಲ. ಬೈರಮ್ಮನ ಗಂಡ ಮುನಿವೆಂಕಟಪ್ಪ ಬದುಕಿದ್ದಾಗಲೇ ಅವರ ಹೊಲ ಲೇಔಟಿಗೆ ಹೋಯಿತು. ಅವನು ಹೋದ ಮೇಲೆ ಭಾಗದಲ್ಲಿ ಇವಳಿಗೆ ಬಂದದ್ದು ಮೇಲಿನ ಬೀದಿಯ ಮೂಲೆಮನೆ, ಎರಡು ತಾಮ್ರದ ಕೊಪ್ಪರಿಗೆ, ಒಂದು ಹಂಡೆ, ಆಳುದ್ದದ ಸೌಟು. ಮೈದುನರು ಸೈಟುಗಳನ್ನು ಎತ್ತಿಕೊಂಡು ಪಾತ್ರೆಗಳನ್ನು ಬಿಟ್ಟರು. ಇವಳು ಆ ಪಾತ್ರೆಗಳಲ್ಲೇ ಬದುಕಿದಳು. ಸುತ್ತಲ ಹಳ್ಳಿಗಳ ಮದುವೆ, ನಾಮಕರಣ, ತಿಥಿ, ಎಲ್ಲಕ್ಕೂ ಬೈರಮ್ಮನ ಕೈ ಅಡುಗೆಯೇ ಆಗಬೇಕು. ಗ್ರಾಮದೇವತೆಯ ಊರೂಟವಂತೂ ಅವಳ ಹಕ್ಕು ಎಂಬಂತೆ ಇತ್ತು.

ಅವಳಿಗೆ ಅಕ್ಷರ ಬಾರದು. ನನ್ನ ದಿನಸಿ ಅಂಗಡಿಗೆ ಬಂದು ಹಲಗೆಯ ಮೇಲೆ ಕಾಳು ಹರಡಿ ಲೆಕ್ಕ ಹಾಕುವಳು. ಹತ್ತು ಜನಕ್ಕೆ ಒಂದು ಅವರೆಕಾಳು. ಆರು ನೂರು ಜನರ ಊಟವಾದರೆ ಅರವತ್ತು ಕಾಳು, ಅದರ ಪಕ್ಕದಲ್ಲಿ ಅಕ್ಕಿಗೆ ಹುರುಳಿ, ಬೆಲ್ಲಕ್ಕೆ ಕಡಲೆ. ನಾನು ಪೆನ್ನು ಕಾಗದ ತೆಗೆದು ಗುಣಿಸಿ ಕೂಡಿಸುವಷ್ಟರಲ್ಲಿ ಅವಳು ಕಾಳು ಬಾಚಿ ಸೆರಗಿಗೆ ಹಾಕಿಕೊಂಡಿರುತ್ತಿದ್ದಳು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ನನ್ನ ತಕ್ಕಡಿಯನ್ನು ಅನುಮಾನದಿಂದ ನೋಡಿದವರು ಬಹಳ. ಅನುಮಾನಪಟ್ಟಾಗಲೆಲ್ಲ ಸರಿಯಾಗಿದ್ದವಳು ಇವಳೊಬ್ಬಳೇ.

ತೊಂಬತ್ತೆಂಟನೇ ಇಸವಿಯ ಏಪ್ರಿಲ್‌ನಲ್ಲಿ ಊರೂಟ ನಡೆಯಿತು. ಅನ್ನ, ಹುಳಿ, ಎಳೆ ಹಲಸಿನಕಾಯಿ ಪಲ್ಯ, ಹೆಸರುಬೇಳೆ ಪಾಯಸ. ಶಿವಾಜಿನಗರದಿಂದ ನನಗೆ ಗೋಡಂಬಿ ದ್ರಾಕ್ಷಿ ತಂದು ಕೊಡುವ ಅಕ್ತರ್ ಅವತ್ತು ಮಾಲಿನ ಜೊತೆ ಬಂದವನು ಪಂಕ್ತಿಯಲ್ಲಿ ಕುಳಿತು ಉಂಡ. ಪಾಯಸ ಎರಡು ಸಲ ಹಾಕಿಸಿಕೊಂಡು, ಸಾಲದೆಂದು ಟಿಫಿನ್ ಕ್ಯಾರಿಯರ್ ತುಂಬಾ ಮನೆಗೆ ತೆಗೆದುಕೊಂಡು ಹೋದ.

ಮೂರನೇ ದಿನ ಕೆಳಗಿನ ಬೀದಿಯಲ್ಲಿ ವಾಂತಿ ಭೇದಿ ಶುರುವಾಯಿತು. ಸಂಜೆಯೊಳಗೆ ಇಪ್ಪತ್ತು ಜನ, ಮಾರನೇ ದಿನಕ್ಕೆ ಅರವತ್ತೆರಡು. ಆಟೋಗಳು, ಟೆಂಪೋಗಳು, ಕೊನೆಗೆ ಇಟ್ಟಿಗೆ ಸಾಗಿಸುವ ಲಾರಿಯಲ್ಲೂ ಜನರನ್ನು ಆಸ್ಪತ್ರೆಗೆ ಸಾಗಿಸಿದೆವು. ನಾಲ್ವರು ವಾಪಸು ಬರಲಿಲ್ಲ. ಇಬ್ಬರು ಮಕ್ಕಳು, ಒಬ್ಬ ಮುದುಕ, ಇನ್ನೊಬ್ಬಳು ಚಲುವಯ್ಯನ ಹೆಂಡತಿ ಮಾರಕ್ಕ.

ಆರೋಗ್ಯ ಇಲಾಖೆಯಿಂದ ತನಿಖೆಗೆ ಬಂದವರು ಭಗವಂತರಾಯರು. ಕಲಬುರಗಿ ಕಡೆಯವರು, ಮೆತ್ತಗಿನ ಮಾತು, ಬಿಳಿ ಅಂಗಿ, ಕಂಕುಳಲ್ಲಿ ಗೆರೆ ಹೊಡೆದ ಪುಸ್ತಕ. ಒಂದು ಮಧ್ಯಾಹ್ನ ನಮ್ಮೂರಿನ ಬೀದಿಯಲ್ಲಿ, ಮಾರನೇ ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ ನಡೆದರು. ಎಲ್ಲರನ್ನೂ ಕೇಳಿದ್ದು ಒಂದೇ ಮಾತು: ಹಬ್ಬದ ಊಟ ಆಯ್ತೇನು?

ಈಗ ನಮ್ಮ ಜನರ ವಿಚಾರ ಹೇಳಬೇಕು. 'ಊಟ ಆಯ್ತಾ' ಎಂದು ಕೇಳಿದರೆ ನಾವು 'ಆಯ್ತು' ಎನ್ನುತ್ತೇವೆ. ಉಂಡಿದ್ದರೂ ಆಯ್ತು, ಒಲೆ ಹಚ್ಚದಿದ್ದರೂ ಆಯ್ತು. ಇಲ್ಲ ಎಂದರೆ ಕೇಳಿದವರು ಎಲೆ ಹಾಕಬೇಕಾಗುತ್ತದೆ, ಅವರಿಗೆ ತೊಂದರೆ, ನಮಗೆ ನಾಚಿಕೆ. ಹಬ್ಬದ ಊಟ ಆಗಿಲ್ಲ ಎಂದರಂತೂ ಊರಿಗೇ ಅವಮಾನ. ಗ್ಲೂಕೋಸು ಏರಿಸಿಕೊಂಡು ಮಲಗಿದ ಹೆಂಗಸರೂ ಆ ಮಾತಿಗೆ ತಲೆ ಎತ್ತಿ, ಆಯ್ತು ಸ್ವಾಮಿ, ನಿಮ್ಮದಾಯ್ತಾ ಎಂದರಂತೆ. ಭಗವಂತರಾಯರು ಅರವತ್ತೆರಡು ಸಾಲಿನಲ್ಲಿ ಅರವತ್ತೆರಡು 'ಆಯ್ತು' ಬರೆದುಕೊಂಡರು.

ಒಂಬತ್ತನೇ ದಿನ ವರದಿ ಬಂತು. ರೋಗಕ್ಕೆ ಕಾರಣ ಹಬ್ಬದ ಪಾಯಸ. ಪಾಯಸಕ್ಕೆ ಬಳಸಿದ ಹಾಲು ಕೆಟ್ಟಿತ್ತು, ಪಾತ್ರೆ ಅಶುದ್ಧವಾಗಿತ್ತು. ಕುಡಿಯುವ ನೀರಿನಲ್ಲಿ ದೋಷವಿಲ್ಲ. ವರದಿಯ ಹಿಂದೆಯೇ ಜೀಪು ಬಂದು ಎರಡು ಕೊಪ್ಪರಿಗೆ, ಹಂಡೆ, ಸೌಟು ಎಲ್ಲಕ್ಕೂ ಅರಗು ಹಚ್ಚಿ ಮುದ್ರೆ ಒತ್ತಿ ಎತ್ತಿಕೊಂಡು ಹೋಯಿತು.

ಹೆಸರುಬೇಳೆ ಪಾಯಸಕ್ಕೆ ನಮ್ಮ ಕಡೆ ಹಾಲು ಹಾಕುವುದಿಲ್ಲ. ತೆಂಗಿನಕಾಯಿ ಹಾಲು ಹಾಕುತ್ತಾರೆ. ಕಾಯಿ ನನ್ನ ಅಂಗಡಿಯದೇ, ನಾನೇ ಎಣಿಸಿ ಕೊಟ್ಟವನು. ಇಲ್ಲದ ಹಾಲು ಹೇಗೆ ಕೆಟ್ಟಿತು ಎಂದು ಕೇಳಲು ಊರಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ.

ಬೈರಮ್ಮನಿಗೆ ಬಂತು. ಆದರೆ ಅವಳ ಮಾತು ಕೇಳುವವರಿರಲಿಲ್ಲ. ಒಪ್ಪಿಕೊಂಡಿದ್ದ ಮೂರು ಮದುವೆಗಳವರು ಬಂದು ವೀಳ್ಯ ವಾಪಸು ಕೇಳಿದರು. ಪಕ್ಕದ ಮನೆಗೆ ಕೊಟ್ಟ ಒಂದು ಬಟ್ಟಲು ಸಾರು ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋಯಿತು. ಗೋಡೆಯಾಚೆಯಿಂದ ಅದನ್ನು ಅವಳೇ ನೋಡಿದಳು. ನಲ್ಲಿಯ ಹತ್ತಿರ ಹೆಂಗಸರು ಅವಳ ಕೈ ನೋಡಿ ಮಾತು ನಿಲ್ಲಿಸುತ್ತಿದ್ದರು. ಅಡುಗೆಯವಳಿಗೆ ಕೈಯೇ ಹೆಸರು. 'ಬೈರಮ್ಮನ ಕೈ' ಎಂದು ಜನ ನಾಲಿಗೆ ಚಪ್ಪರಿಸುತ್ತಿದ್ದ ಮಾತನ್ನು ಈಗ ಅದೇ ಜನ ಪಿಸುಗುಟ್ಟಿದರು.

ಒಂದು ಬೆಳಿಗ್ಗೆ ಅಂಗಡಿಗೆ ಬಂದು ಒಂದೊಂದು ಪಾವು ಅವರೆ, ಹುರುಳಿ, ಕಡಲೆ ಕೇಳಿದಳು. ಯಾವ ಊರಿನ ಅಡುಗೆ ಎಂದೆ.

"ಈ ಊರಿಂದೇ ಶೆಟ್ರೇ. ಯಾರ್ಯಾರು ಬೆಂದಿದಾರೆ, ಯಾರ್ಯಾರು ಬೆಂದಿಲ್ಲ ನೋಡ್ಬೇಕು."

ಹನ್ನೊಂದು ದಿನ ಮನೆ ಮನೆ ತಿರುಗಿದಳು. ಮೂರು ಕಾಳನ್ನೂ ಮೂರು ಗಂಟು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಉಂಡು ಕಾಯಿಲೆ ಬಿದ್ದವರಿಗೆ ಅವರೆ, ಉಂಡೂ ಚೆನ್ನಾಗಿದ್ದವರಿಗೆ ಹುರುಳಿ, ಉಣ್ಣದೆ ಕಾಯಿಲೆ ಬಿದ್ದವರಿಗೆ ಕಡಲೆ. ಅವಳು ಯಾರನ್ನೂ ಊಟ ಆಯ್ತಾ ಎಂದು ಕೇಳಲಿಲ್ಲ. ಹರಟೆಗೆ ಕುಳಿತು, ಅವತ್ತಿನ ಪಲ್ಯ ಉಪ್ಪಾಗಿತ್ತಾ, ಯಾವ ಪಲ್ಯ ಮಾಡಿದ್ದೆ, ಮರೆತೇಹೋಯ್ತು ಎನ್ನುವಳು. ಉಂಡವರು ಹಲಸಿನಕಾಯಿ ಎಂದರು. ಉಣ್ಣದವರು ಪ್ರತಿವರ್ಷದ ಲೆಕ್ಕದಲ್ಲಿ ಹುರುಳಿಕಾಯಿ ಎಂದರು. ಆ ವರ್ಷ ಹುರುಳಿಕಾಯಿ ದುಬಾರಿಯಾಗಿ ನಾನೇ ಬೇಡವೆಂದಿದ್ದೆ. ಸರ್ಕಾರದ ಗೆರೆ ಹೊಡೆದ ಪುಸ್ತಕಕ್ಕೆ ಸಿಗದ ಸತ್ಯ ಹೀಗೆ ಒಂದು ಪಲ್ಯಕ್ಕೆ ಸಿಕ್ಕಿತು.

ಬೈಯುವುದನ್ನೂ ಬಿಡಲಿಲ್ಲ. ಉಣ್ಣದವರು ಸಿಕ್ಕಿದರೆ, ಆಯ್ತು ಅಂತ ಯಾಕಂದೆ, ನಾಲಿಗೆಗೆ ಹುಳ ಬಿದ್ದಿತ್ತಾ ಎಂದು ಹೊಸಿಲ ಮೇಲೆ ನಿಂತೇ ಝಾಡಿಸುತ್ತಿದ್ದಳು. ಸುಮ್ಮನೆ ಬಾಯಿಗೆ ಬಂತು ಕಣಕ್ಕಾ ಎಂದು ಅವರು ಅನ್ನುತ್ತಿದ್ದರು. ಸುಮ್ಮನೆ ಬಾಯಿಗೆ ಬಂದದ್ದು ಸುಮ್ಮನೆ ನನ್ನ ಕುತ್ತಿಗೆಗೆ ಬಂತು ಎಂದು ಇವಳು ಅಂದು ಮುಂದಿನ ಮನೆಗೆ ಹೋಗುವಳು.

ಹನ್ನೆರಡನೇ ದಿನ ನನ್ನ ಹಲಗೆಯ ಮೇಲೆ ಗಂಟು ಬಿಚ್ಚಿದಳು. ಅರವತ್ತೆರಡು ಜನರಲ್ಲಿ ಇಪ್ಪತ್ತೇಳು ಮಂದಿ ಊರೂಟದ ಎಲೆಯ ಮುಂದೆ ಕುಳಿತೇ ಇರಲಿಲ್ಲ. ಇಪ್ಪತ್ತೇಳು ಕಡಲೆ. ಮೇಲಿನ ಬೀದಿಯಲ್ಲಿ ಉಂಡವರು ನೂರ ನಲವತ್ತಕ್ಕೂ ಮೇಲೆ. ಮಲಗಿದವರು ಮೂವರು, ಆ ಮೂವರೂ ಕೆಳಗಿನ ಬೀದಿಯ ನೆಂಟರ ಮನೆಯಲ್ಲಿ ನೀರು ಕುಡಿದವರು. ಮೇಲಿನ ಬೀದಿಗೆ ಬೋರ್‌ವೆಲ್ ನೀರು, ಕೆಳಗಿನ ಬೀದಿಗೆ ಎರಡು ದಿನಕ್ಕೊಮ್ಮೆ ಬರುವ ನಲ್ಲಿ ನೀರು.

ಮಾಲು ಇಳಿಸಲು ಬಂದಿದ್ದ ಅಕ್ತರ್ ಹಲಗೆಗೆ ಒರಗಿ ಎಲ್ಲ ಕೇಳುತ್ತಿದ್ದ. "ನಮ್ಮ ಮನೇಲಿ ಹನ್ನೊಂದು ಜನ ತಿಂದಿದಾರೆ ಅಮ್ಮಾ," ಎಂದ. "ಒಬ್ಬರಿಗೂ ಏನೂ ಆಗಿಲ್ಲ. ನಮ್ಮ ಅಮ್ಮಿ ಇನ್ನೂ ಕೇಳ್ತಾ ಇದಾರೆ, ಆ ಖೀರು ಮತ್ತೆ ಯಾವಾಗ ಅಂತ."

ಬೈರಮ್ಮ ಹನ್ನೊಂದು ಹುರುಳಿ ಎಣಿಸಿ ಗಂಟಿಗೆ ಸೇರಿಸಿದಳು.

ಮೂರು ಗಂಟು ಹಿಡಿದು ಭಗವಂತರಾಯರ ಕಚೇರಿಗೆ ಹೋದಳು. ಓದಿ ಹೇಳಲು ಒಬ್ಬರಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿದ ಮೇಲೆ ಒಳಗೆ ಕರೆದರು. ಅವಳು ಮೇಜಿನ ಮೇಲೆ ಕಾಳು ಸುರಿದು ಬೀದಿ ಬೀದಿಯಾಗಿ ಬೇರ್ಪಡಿಸಿ ತೋರಿಸಿದಳು. ಭಗವಂತರಾಯರು ಫೈಲಿಗೆ ಕಾಳು ತಗುಲದ ಹಾಗೆ ಸರಿಸಿಕೊಂಡು ಪೂರ್ತಿ ಕೇಳಿದರು. ಪಾಯಸದಲ್ಲಿ ಹಾಲೇ ಇರಲಿಲ್ಲ ಎಂದಾಗ ಒಂದು ಗಳಿಗೆ ಅವರ ಮುಖ ಬದಲಾಯಿತು. ಅಕ್ತರ್ ಮನೆಯ ಸಂಗತಿ ಹೇಳಿದ್ದಕ್ಕೆ, ಶಿವಾಜಿನಗರ ನಮ್ಮ ವ್ಯಾಪ್ತಿಯಲ್ಲಿ ಬರುವುದಿಲ್ಲ ಎಂದರು.

"ರಿಪೋರ್ಟ್ ಮ್ಯಾಗ ಹೋಗ್ಯದ ತಾಯಿ," ಎಂದರು ಕೊನೆಗೆ. "ಮ್ಯಾಗ ಹೋದದ್ದು ಕೆಳಗ ಬರಂಗಿಲ್ಲ."

"ಹೊಟ್ಟೆಗೆ ಹೋದದ್ದೇ ಮೇಲೆ ಬಂತಲ್ಲ ಸ್ವಾಮಿ ಅರವತ್ತೆರಡು ಜನಕ್ಕೆ. ನಿಮ್ಮ ಕಾಗದ ಬರಲ್ವಾ?"

ಅವರು ನೀರಿನ ಲೋಟ ಎತ್ತಿ, ಏನೋ ನೆನಪಾದಂತೆ ಕುಡಿಯದೆ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ನಾಲ್ಕು ಹೆಣಗಳ ಲೆಕ್ಕ ತಪ್ಪಿದೆ ಎಂದು ಗೊತ್ತಾದ ಮೇಲೂ ಹೊತ್ತಿಗೆ ಸರಿಯಾಗಿ ಟಿಫಿನ್ ಡಬ್ಬಿ ಬಿಚ್ಚುವ ಇಂಥ ಒಳ್ಳೆಯವರ ಮೇಲೆ ಸಿಟ್ಟನ್ನು ಎಲ್ಲಿ ಇಡಬೇಕೆಂದೇ ತಿಳಿಯುವುದಿಲ್ಲ.

ವಾಪಸು ಬಂದವಳು ಮನೆಗೆ ಹೋಗಲಿಲ್ಲ. ಹಾರೆ ತೆಗೆದುಕೊಂಡು ಕೆಳಗಿನ ಬೀದಿಯ ಮೋರಿಗೆ ಹೋದಳು. ಹಾಡುಹಗಲು, ಎಲ್ಲರೂ ನೋಡುತ್ತಿರುವಾಗಲೇ ಒಂದು ಚಪ್ಪಡಿ ಮೀಟಿ ಪಕ್ಕಕ್ಕೆ ಉರುಳಿಸಿದಳು. ಕೆಳಗೆ, ಕಪ್ಪು ಗಲೀಜಿನಲ್ಲಿ, ಹನ್ನೊಂದು ಪೈಪುಗಳು ಎಮ್ಮೆಗಳ ಹಾಗೆ ಮಲಗಿದ್ದವು. ಒಂದೂ ಸರ್ಕಾರಿ ಪೈಪಲ್ಲ. ದೊಡ್ಡ ಲೈನಿಗೆ ತೂತು ಕೊರೆದು, ನೀರು ಬಿಡುವವನ ಕೈ ಬೆಚ್ಚಗೆ ಮಾಡಿ, ರಸ್ತೆ ಅಗೆದರೆ ಗೊತ್ತಾಗುತ್ತದೆಂದು ಮೋರಿಯೊಳಗೇ ಮನೆಗಳಿಗೆ ಎಳೆದುಕೊಂಡ ಕಳ್ಳ ಕನೆಕ್ಷನ್ನುಗಳು. ಕೀಲುಗಳಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ನೀರು ಬರುವಾಗ ಅಲ್ಲಿ ಹೊರಗೆ ಸೋರುತ್ತದೆ. ನೀರು ನಿಂತ ಮೇಲೆ ಪೈಪು ಉಸಿರು ಒಳಗೆಳೆದುಕೊಳ್ಳುತ್ತದೆ. ಮೋರಿಯಲ್ಲಿ ಏನಿದೆಯೋ ಅದನ್ನೇ ಎಳೆದುಕೊಳ್ಳುತ್ತದೆ.

ಅತಿ ದಪ್ಪನೆಯ ಪೈಪು ಊರಿನ ಮುಖಂಡ ಮುನೀಂದ್ರನದು. ಅವನ ಹೊಸ ಕಟ್ಟಡದ ಇಪ್ಪತ್ತನಾಲ್ಕು ರೂಮುಗಳಿಗೆ ಅದರಿಂದಲೇ ನೀರು. ಒಂದು ಪೈಪಿನ ಕೀಲಿಗೆ ಟ್ಯೂಬು ಸಾಲದೆ ಸಕ್ಕರೆ ಚೀಲದ ಪಟ್ಟಿ ಸುತ್ತಿತ್ತು, ಮೇಲೆ ನೀಲಿ ಅಕ್ಷರ. ಊರಲ್ಲಿ ಸಕ್ಕರೆ ಚೀಲ ಯಾರ ಹತ್ತಿರ ಇರುತ್ತದೆ ಎಂದು ಹೇಳಬೇಕಾಗಿಲ್ಲ. ಬೈರಮ್ಮ ಆ ಪಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಹೆಂಡತಿ ನೀರು ಕಾಯಿಸದೆ ಯಾರಿಗೂ ಕೊಡುವವಳಲ್ಲ, ಅದಕ್ಕೇ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ನಾನು ಅದನ್ನು ದೇವಿಯ ದಯೆ ಎಂದು ಗಿರಾಕಿಗಳಿಗೆ ಹೇಳಿಕೊಂಡು ಬಂದಿದ್ದೆ.

ಭಾನುವಾರ ಅರಳಿಕಟ್ಟೆಯಲ್ಲಿ ಊರು ಸೇರಿತು. ಸೇರಿಸಿದವನು ಮುನೀಂದ್ರ; ವಿಷಯ: ಸಾರ್ವಜನಿಕ ಮೋರಿಯ ಚಪ್ಪಡಿ ಕಿತ್ತ ಅಪರಾಧ. ಬೈರಮ್ಮ ಕಾಳಿನ ಗಂಟುಗಳನ್ನು ಕಟ್ಟೆಯ ಮೇಲಿಟ್ಟು ಲೆಕ್ಕ ಒಪ್ಪಿಸಿದಳು. ಪೈಪು ಹನ್ನೊಂದು, ಯಾರ್ಯಾರದು ಎಂದು ನಾನು ಹೇಳುವುದಿಲ್ಲ, ನಿಮ್ಮ ನಿಮ್ಮದು ನಿಮಗೆ ಗೊತ್ತು ಎಂದಳು. ಆ ಹನ್ನೊಂದು ಜನ ಯಾರೆಂದು ತಲೆ ತಗ್ಗಿಸಿದವರನ್ನು ಎಣಿಸಿದರೆ ಸಾಕಿತ್ತು, ಆದರೆ ತಲೆ ತಗ್ಗಿಸಿದವನಿಗೆ ಎಣಿಸಲಾಗುವುದಿಲ್ಲ.

ಮುನೀಂದ್ರ ಜಾಣ. ಪೈಪಿನ ತಂಟೆಗೇ ಹೋಗಲಿಲ್ಲ. ಉಣ್ಣದವರೂ ಕಾಯಿಲೆ ಬಿದ್ದರು ಅನ್ನುತ್ತೀಯಲ್ಲ ದೊಡ್ಡಮ್ಮ, ಒಬ್ಬರ ಹೆಸರು ಹೇಳು ಎಂದ.

ಬೈರಮ್ಮ ಮಾರಕ್ಕನ ಹೆಸರು ಹೇಳಿದಳು. ಊರೂಟಕ್ಕೆ ಆರು ದಿನ ಮೊದಲು ಚಲುವಯ್ಯನ ಅಣ್ಣ ತೀರಿಕೊಂಡಿದ್ದ. ಸೂತಕದ ಮನೆಯವರು ದೇವಿಯ ಊಟಕ್ಕೆ ಬರುವಂತಿಲ್ಲ, ಊಟವನ್ನು ಅವರ ಮನೆಗೆ ಕಳಿಸುವಂತೆಯೂ ಇಲ್ಲ. ಇದು ಊರಿನ ಹಸುಗೂಸಿಗೂ ಗೊತ್ತು. ವರದಿಯಲ್ಲಿ ಮಾತ್ರ ಮಾರಕ್ಕ ಉಂಡಿದ್ದಳು.

ಮುನೀಂದ್ರ ಚಲುವಯ್ಯನ ಕಡೆ ತಿರುಗಿದ. "ಮಾವ, ನೀನೇ ಹೇಳ್ಬಿಡು. ಅತ್ತೆ ಉಂಡಿದ್ಲೋ ಇಲ್ವೋ?"

ಚಲುವಯ್ಯ ತನ್ನ ಅಂಗೈ ನೋಡಿಕೊಂಡ. ಆ ಹನ್ನೊಂದರಲ್ಲಿ ಒಂದು ಪೈಪು ಅವನದು. ಅವನೇ ಮೊಣಕಾಲಿನ ಮಟ್ಟ ಗಲೀಜಿನಲ್ಲಿ ನಿಂತು ಹಾಕಿದ್ದು. ಹೆಂಡತಿ ಉಣ್ಣಲಿಲ್ಲ ಎಂದರೆ ಅವಳನ್ನು ಕೊಂದದ್ದು ನೀರು. ಆ ನೀರನ್ನು ಮನೆಗೆ ತಂದದ್ದು ತಾನು.

"ಉಂಡಿದ್ಲು," ಎಂದ.

ಆಲದ ಕೊಂಬೆಯಂಥ ಹೆಂಗಸು ಬೈರಮ್ಮ. ಆ ಒಂದು ಮಾತಿಗೆ ಅಲುಗಿದ್ದನ್ನು ಅವತ್ತು ನೋಡಿದೆ.

"ಸರಿ ಚಲುವಯ್ಯ," ಎಂದಳು. "ನನ್ನ ಮೇಲೆ ಕೊಂದ ಅಪವಾದ ಇತ್ತು. ಈಗ ಸತ್ತಿರೋಳ ಮೇಲೂ ಒಂದು ಹೊರಿಸ್ದೆ, ಸೂತಕದಲ್ಲಿ ಕದ್ದು ಉಂಡ್ಲು ಅಂತ. ಅವಳು ಬಂದು ಇಲ್ಲ ಅನ್ನಲ್ಲ, ಧೈರ್ಯವಾಗಿರು."

ಕಾಳುಗಳನ್ನು ಕಟ್ಟೆಯ ಮೇಲೇ ಬಿಟ್ಟು ಹೋದಳು. ಸುಳ್ಳೆಂದು ಅಲ್ಲಿ ನಿಂತ ಇನ್ನೂರು ಜನಕ್ಕೂ ಗೊತ್ತಿತ್ತು. ಇನ್ನೂರು ಜನವೂ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋದೆವು. ನಲ್ಲಿ ನಿಂತುಹೋದರೆ ನಾಳೆ ನೀರಿಗೇನು ಮಾಡುವುದು? ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ಯಾರ ಹತ್ತಿರವೂ ಇರಲಿಲ್ಲ. ಒಬ್ಬ ಹೆಂಗಸಿನ ಹೆಸರನ್ನು ಹನ್ನೊಂದು ನಲ್ಲಿಗೆ ಮಾರಿದೆವು. ವ್ಯಾಪಾರಿಯಾಗಿ ಹೇಳುತ್ತೇನೆ, ಇಷ್ಟು ಅಗ್ಗದ ಮಾಲು ನಾನು ಕಂಡಿಲ್ಲ.

ವಾರದೊಳಗೆ ಕೆಳಗಿನ ಬೀದಿಗೆ ಹೊಸ ಕಬ್ಬಿಣದ ಲೈನು ಬಂತು, ಮೋರಿಯಿಂದ ನಾಲ್ಕು ಮಾರು ದೂರದಲ್ಲಿ. ನೀರಿನಲ್ಲಿ ದೋಷವಿಲ್ಲ ಎಂಬ ವರದಿ ಹಾಗೇ ಇತ್ತು. ರೋಗ ಪಾಯಸಕ್ಕೆ, ಆಪರೇಷನ್ನು ಪೈಪಿಗೆ. ಹನ್ನೊಂದು ಮನೆಗೂ ಒಂದು ಗಂಟೆಯಲ್ಲಿ ಸಕ್ರಮದ ರಸೀದಿ ಸಿಕ್ಕಿತು. ಆಮೇಲೆ ಊರಲ್ಲಿ ಒಂದು ಮಗುವಿಗೂ ಭೇದಿಯಾಗಲಿಲ್ಲ.

ಬೈರಮ್ಮ ಮಾತ್ರ ಇಂದಿರಾನಗರದ ಒಂದು ಛತ್ರದಲ್ಲಿ ಪಾತ್ರೆ ತೊಳೆಯಲು ಹೋದಳು. ಆರು ನೂರು ಜನಕ್ಕೆ ಬಡಿಸಿದವಳು ಆರು ನೂರು ಜನರ ಎಂಜಲು ಬಳಿದಳು. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನನ್ನ ಅಂಗಡಿಯ ಮುಂದೆಯೇ ಹಾದುಹೋಗಬೇಕು. ವರ್ಷವಿಡೀ ಒಂದು ಮಾತಾಡಲಿಲ್ಲ. ನಾನು ಅವಳು ಹಾದುಹೋಗುವ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ಡಬ್ಬಿಗಳನ್ನು ಒರೆಸುತ್ತಿದ್ದೆ. ನನ್ನ ಅಂಗಡಿಯ ಡಬ್ಬಿಗಳು ಅಷ್ಟು ಹೊಳೆದದ್ದು ಆ ವರ್ಷ ಮಾತ್ರ.

ಮಾರಕ್ಕನ ವರ್ಷದ ತಿಥಿ ಬಂತು. ಚಲುವಯ್ಯ ಬೈರಮ್ಮನ ಹೊಸಿಲಿಗೆ ಬಂದು ನಿಂತ. ಒಳಗೆ ನಡೆದದ್ದನ್ನು ಆಮೇಲೆ ಅವನೇ ಹೇಳಿದ. ಎಡೆಗೆ ನಿನ್ನ ಕೈಯ ಹೆಸರುಬೇಳೆ ಪಾಯಸ ಬೇಕು ಬೈರಕ್ಕ ಎಂದನಂತೆ. ಅದನ್ನು ತಿಂದೇ ಸತ್ತಳಲ್ಲ, ಮತ್ತೆ ಅದನ್ನೇ ಇಡುತ್ತೀಯಾ ಎಂದಳಂತೆ ಇವಳು.

ಸತ್ತವರಿಗೆ ಎಡೆ ಇಡುವಾಗ ಅವರು ಆಸೆಪಟ್ಟದ್ದನ್ನು ಇಡಬೇಕು. ಆಸೆಪಟ್ಟು ಸಿಗದೆ ಹೋದದ್ದನ್ನಂತೂ ಮೊದಲು ಇಡಬೇಕು. ಊರೂಟದ ದಿನ ಬೀದಿಯ ತುಂಬಾ ಏಲಕ್ಕಿ ವಾಸನೆ ಬಂದಾಗ ಮಾರಕ್ಕ ಬಾಗಿಲಲ್ಲಿ ನಿಂತು, ಈ ಸೂತಕ ಈಗಲೇ ಬರಬೇಕಿತ್ತಾ, ಬೈರಕ್ಕನ ಪಾಯಸ ತಪ್ಪಿಹೋಯಿತಲ್ಲ ಎಂದಿದ್ದಳಂತೆ. ಆ ಮಾತು ಚಲುವಯ್ಯನನ್ನು ವರ್ಷಪೂರ್ತಿ ನಿದ್ದೆ ಮಾಡಗೊಡಲಿಲ್ಲ. ಅರಳಿಕಟ್ಟೆಯಲ್ಲಿ ಹೇಳಿದ ಸುಳ್ಳನ್ನು ಊರು ನುಂಗಿತ್ತು, ಎಡೆಯ ಎಲೆ ನುಂಗಲಿಲ್ಲ.

ಬೈರಮ್ಮ ಒಲೆ ಹಚ್ಚಲು ಒಪ್ಪಿದಳು, ಒಂದು ಷರತ್ತಿನ ಮೇಲೆ. ಈ ಮಾತನ್ನು ನನ್ನ ಅಡುಗೆಮನೆಯಲ್ಲಿ ಹೇಳಿ ಉಪಯೋಗವಿಲ್ಲ, ನಾಳೆ ಹಾಲಿನ ಹೊತ್ತಿಗೆ ಶೆಟ್ಟರ ಅಂಗಡಿಯ ಮುಂದೆ ಹೇಳು.

ಬೆಳಿಗ್ಗೆ ಆರೂವರೆಗೆ ನನ್ನ ಅಂಗಡಿಯ ಮುಂದೆ ಹಾಲಿನ ಪ್ಯಾಕೆಟ್ಟಿಗೆ ನಲವತ್ತು ಜನ ನಿಂತಿರುತ್ತಾರೆ, ಎರಡೂ ಬೀದಿಯವರು. ಚಲುವಯ್ಯ ಬಂದು ಸಾಲಿನ ಮುಂದೆ ನಿಂತ. ಮುಂದೆ ನುಗ್ಗುತ್ತಿದ್ದಾನೆಂದು ಯಾರೋ ಗದರಿದರು.

"ನನ್ನ ಹೆಂಡ್ತಿ ಅವತ್ತು ಉಂಡಿರಲಿಲ್ಲ," ಎಂದ. "ಬಾಯಾರಿಕೆ ಅಂದ್ಲು. ನಾನೇ ನಲ್ಲಿ ತಿರುಗಿಸಿ ನೀರು ಕೊಟ್ಟೆ. ಮೋರಿಲಿ ಪೈಪ್ ಹಾಕಿದ್ದೂ ನಾನೇ."

ಬೈರಮ್ಮ ರಸ್ತೆಯ ಆಚೆ ಬದಿಯಲ್ಲಿ ಬಸ್ಸಿಗೆ ಹೋಗುವವಳ ಹಾಗೆ ಚೀಲ ಹಿಡಿದು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಚಲುವಯ್ಯನನ್ನಲ್ಲ. ನನ್ನ ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಕೆಳಗಿಟ್ಟೆ. ಇನ್ನೊಂದು ಪೈಪು ನನ್ನದು, ಸಕ್ಕರೆ ಚೀಲದ ಪಟ್ಟಿ ಸುತ್ತಿದ್ದು, ಪಾಯಸಕ್ಕೆ ಹಾಲು ಹಾಕಿಯೇ ಇರಲಿಲ್ಲ, ಕಾಯಿ ಕೊಟ್ಟವನು ನಾನು ಎಂದೆ. ಅಷ್ಟು ಹೇಳಲು ಒಂದು ವರ್ಷ ಹಿಡಿದಿತ್ತು. ಹೇಳಿ ಮುಗಿಸಲು ಹಾಲಿನ ಒಂದು ಪ್ಯಾಕೆಟ್ಟು ಕೊಡುವಷ್ಟು ಹೊತ್ತೂ ಹಿಡಿಯಲಿಲ್ಲ.

ತಿಥಿಯ ದಿನ ಮೊದಲ ಎಲೆ ಮಾರಕ್ಕನಿಗೆ. ಆಮೇಲೆ ಊರು ಉಂಡಿತು. ಮುನೀಂದ್ರ ಬರಲಿಲ್ಲ, ಅವನ ತಾಯಿ ಬಂದು ಪಾಯಸ ಎರಡು ಸಲ ಕೇಳಿದಳು. ಆ ಅಡುಗೆ ಆದದ್ದು ಬಾಡಿಗೆ ಅಲ್ಯೂಮಿನಿಯಂ ಪಾತ್ರೆಯಲ್ಲಿ. ಅವಳ ಕೊಪ್ಪರಿಗೆಗಳು ಬಂದದ್ದು ಎರಡು ಸಾವಿರದ ಒಂದರಲ್ಲಿ, ಕಲಾಯಿ ಪೂರ್ತಿ ಹೋಗಿ, ತಳ ಹಸಿರಾಗಿ. ಅಶುದ್ಧ ಪಾತ್ರೆ ಎಂದು ಬರೆದ ಮೇಲೆ ಅದನ್ನು ನಿಜ ಮಾಡಿಯೇ ಕಳಿಸಿದ್ದರು.

ಕಥೆ ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಕಾಗದದಲ್ಲಿ ಪಾಯಸವೇ ಉಳಿದಿತ್ತು. ಎರಡು ಸಾವಿರದ ಆರರಲ್ಲಿ, ಅರ್ಜಿಗೆ ಹತ್ತು ರೂಪಾಯಿ ಹಚ್ಚಿದರೆ ಸರ್ಕಾರ ತನ್ನ ಕಡತ ತೋರಿಸುತ್ತದೆ ಎಂದು ಪೇಪರಿನಲ್ಲಿ ಓದಿದೆ. ಹತ್ತು ರೂಪಾಯಿಗೆ ಸಿಗುವ ಸತ್ಯ ಎಂಥದಿರಬಹುದು ಎಂಬ ವ್ಯಾಪಾರಿ ಕುತೂಹಲದಿಂದಲೇ ಹಾಕಿದೆ. ಐದು ತಿಂಗಳ ಮೇಲೆ ಒಂಬತ್ತು ಪುಟ ಬಂದವು. ಭಗವಂತರಾಯರ ಗೆರೆ ಹೊಡೆದ ಪುಸ್ತಕದ ನಕಲು, ಅವರದೇ ಮುದ್ದಾದ ಅಕ್ಷರ.

ಬೈರಮ್ಮ ಅಂಗಡಿಯ ಬೆಂಚಿನ ಮೇಲೆ ಕುಳಿತು ಓದಿ ಎಂದಳು. ಒಂದೊಂದೇ ಹೆಸರು ಓದುತ್ತಾ ಹೋದೆ. ಪ್ರತಿಯೊಂದಕ್ಕೂ ಅವಳು ಬಾಯಲ್ಲೇ ತೀರ್ಪು ಕೊಡುತ್ತಿದ್ದಳು: ಇವಳು ಉಂಡಿದ್ಲು. ಇವನು ಉಂಡಿರಲಿಲ್ಲ, ಸುಳ್ಳ. ಇದು ನಿಜ. ಕಾಯಿಲೆಯವರ ಅರವತ್ತೆರಡು ಸಾಲು ಮುಗಿದ ಮೇಲೆ ಕೊನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು. ಹೇಳಿಕೆ ಪಡೆದ ದಿನಾಂಕ, ಹೊತ್ತು ನೋಡಿದರೆ ಎಲ್ಲಕ್ಕಿಂತ ಮೊದಲು ಬರೆದದ್ದು ಅದೇ. ಓದುವುದೋ ಬೇಡವೋ ಎಂದು ತಡವರಿಸಿದೆ. ಓದಿ ಶೆಟ್ರೇ ಎಂದಳು.

'ಬೈರಮ್ಮ, ಐವತ್ತನಾಲ್ಕು ವರ್ಷ, ಅಡುಗೆ. ಹಬ್ಬದ ಊಟ: ಆಯ್ತು.'

ದೇವಿಯ ಊಟಕ್ಕೆ ಒಲೆ ಹಚ್ಚಿದವರು ಮಾರನೇ ಬೆಳಿಗ್ಗೆಯವರೆಗೆ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಅವತ್ತು ಅವಳ ಬಾಯಿಗೆ ಒಂದು ಅಗುಳೂ ಹೋಗಿರಲಿಲ್ಲ.

ಇನ್ನೊಂದು ಸಲ ಓದಿಸಿದಳು.

"ಆವಯ್ಯ ಬೀದಿಗೆ ಕಾಲಿಟ್ಟ ತಕ್ಷಣ ನಾನೇ ಎದುರಿಗೆ ಸಿಕ್ದೆ," ಎಂದಳು. "ಕೇಳ್ದ. ಅಂದ್ಬಿಟ್ಟೆ ಅನ್ಸುತ್ತೆ. ಎಂಟು ವರ್ಷ ಊರಿನ ನಾಲಿಗೆಗೆಲ್ಲ ಬೈದೆನಲ್ಲ ಶೆಟ್ರೇ, ಮೊದಲನೇ ಆಯ್ತು ನಂದೇ."

ಅವತ್ತಿನಿಂದ ಆ ಪದ ಅವಳ ಬಾಯಿಂದ ಹೊರಬಿದ್ದಿಲ್ಲ.

ವರದಿ ತಿದ್ದಿ ಎಂದು ನಾನು ಬರೆದ ನಾಲ್ಕು ಅರ್ಜಿಗಳಿಗೂ ಒಂದೇ ಉತ್ತರ ಬಂತು: ಕಡತ ಮುಕ್ತಾಯವಾಗಿದೆ. ಹಾಗಾದರೆ ನಾವೇ ತಿದ್ದುತ್ತೇವೆ ಎಂದು ಬೈರಮ್ಮ ಒಂದು ಇಡೀ ಮಧ್ಯಾಹ್ನ ಕುಳಿತು ಹೇಳಿದಳು, ನಾನು ಕೆಂಪು ಇಂಕಿನಲ್ಲಿ ಒಂದೊಂದು ಹೆಸರಿನ ಮುಂದೆ ಬರೆದೆ: ಉಂಡಿದ್ದಳು, ಉಂಡಿರಲಿಲ್ಲ, ಮೋರಿಯ ನೀರು. ಮಾರಕ್ಕನ ಮುಂದೆ 'ಸೂತಕ' ಎಂದು ಬರೆಸಿದಳು. ತನ್ನ ಹೆಸರಿನ ಮುಂದೆ 'ಸುಳ್ಳು ಹೇಳಿದಳು' ಎಂದು ಬರೆಯಿರಿ ಎಂದಳು. ಬೇಡವೆಂದೆ. ಬರೆಯಿರಿ ಎಂದಳು. ನನ್ನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಕೆಳಗೆ ಜಾಗ ಬಿಡಿಸಿ ಹನ್ನೊಂದು ಪೈಪುಗಳ ಯಜಮಾನರ ಹೆಸರನ್ನೂ ಬರೆಸಿದಳು, ನನ್ನದನ್ನು ಎರಡನೆಯದಾಗಿ. ಮೊದಲನೆಯದು ಮುನೀಂದ್ರನದು.

ಆ ಒಂಬತ್ತು ಪುಟಗಳನ್ನು ಕೆ.ಆರ್.ಪುರದ ಜೆರಾಕ್ಸ್ ಅಂಗಡಿಯಲ್ಲಿ ಕಟ್ಟುಗಟ್ಟಲೆ ತೆಗೆಸಿದ್ದೇನೆ. ಮೂರು ವರ್ಷದಿಂದ ನನ್ನ ಅಂಗಡಿಯಲ್ಲಿ ಬೆಲ್ಲ, ಬೇಳೆ, ಏಲಕ್ಕಿ ಕಟ್ಟಿಕೊಡುವುದು ಅದರಲ್ಲೇ. ಮುನೀಂದ್ರನ ಮನೆಗೂ ಅದರಲ್ಲೇ ಹೋಗುತ್ತದೆ. ಒಮ್ಮೆ ಅವನು ಬಂದು, ಹಳೆಯದನ್ನು ಎಷ್ಟು ದಿನ ಕೆದಕುತ್ತೀರಿ ಶೆಟ್ಟರೇ, ಊರಿನ ಮರ್ಯಾದೆ ಏನಾಗಬೇಕು ಎಂದ. ಬೆಂಚಿನ ಮೇಲೆ ಕುಳಿತು ಕಾಳು ಆರಿಸುತ್ತಿದ್ದ ಬೈರಮ್ಮ ತಲೆ ಎತ್ತದೆ ನನಗೆ ಹೇಳಿದಳು:

"ಅವನಿಗೆ ಅರ್ಧ ಕೇಜಿ ಬೆಲ್ಲ ಕಟ್ಟಿ ಶೆಟ್ರೇ. ಪೈಪಿನ ಪುಟ ಹೊರಗಡೆ ಕಾಣೋ ಹಾಗೆ ಕಟ್ಟಿ."